ಆಕೆ ಬರೆದ ಎಂಟು ಚೀಟಿ

ಶಾಲೆಯ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷ ಸೀಸೆಗಳಿಗೆ ಚೀಟಿ ಬರೆದು ಅಂಟಿಸಿದವಳು ಆಕೆ. ಅಕ್ಷರ ಮುತ್ತು ಪೋಣಿಸಿದಂತೆ. ಆಮ್ಲದ ಸೀಸೆಗೆ ನೀರಿನ ಚೀಟಿ ಬಿದ್ದರೆ ಯಾರದೋ ಮಗುವಿನ ಕೈ ಸುಟ್ಟೀತೆಂದು, ಬರೆದದ್ದನ್ನು ಎರಡೆರಡು ಸಲ ಓದಿ ಆಮೇಲೆ ಗೋಂದು ಹಚ್ಚುವಳು. ಅಂಥವಳಿಗೆ ಗಂಟುಬಿದ್ದ ಗಂಡನೋ, ಯಾವುದಕ್ಕೂ ಹೆಸರು ಬರೆಯದವನು.

ಆತ ನೂಲಿನ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್. ಅಲ್ಲಿನ ಬೋರ್ಡುಗಳಲ್ಲಿ ಯಾವ ಸ್ವಿಚ್ಚು ಯಾವ ಯಂತ್ರದ್ದು ಎಂದು ಒಂದಕ್ಷರವೂ ಇರಲಿಲ್ಲ, ಎಲ್ಲ ಆತನ ತಲೆಯಲ್ಲಿ. ಊಟದ ನಡುವೆ ಫೋನ್ ಬಂದರೆ ತುತ್ತು ಬಿಟ್ಟು ಏಳುವನು. "ನೋಡಿದ್ಯಾ, ನಾನಿಲ್ದೆ ಅವರಿಗೆ ಒಂದು ದೀಪ ಹಚ್ಚೋಕೂ ಬರಲ್ಲ!" ಆಗ ಆಕೆಗೂ ಹೆಮ್ಮೆಯೇ, ಬೆಪ್ಪು ಹೆಂಗಸು. ಆತ ನಿವೃತ್ತನಾದ ವಾರವೇ ಹೊಸದಾಗಿ ಬಂದ ಹುಡುಗಿಯೊಬ್ಬಳು ಎರಡು ದಿನ ಕೂತು ಪ್ರತಿ ಸ್ವಿಚ್ಚಿಗೂ ಹೆಸರು ಅಂಟಿಸಿದಳು. ಗಿರಣಿಯಿಂದ ಮತ್ತೆ ಫೋನ್ ಬರಲಿಲ್ಲ.

ಆ ಹೊಟ್ಟೆಯುರಿಗೆ ಮನೆ ಪಕ್ಕದ ಶೆಡ್ಡಿನಲ್ಲಿ ಕಾರು ಕಟ್ಟಲು ಕೂತ. ಆರು ವರ್ಷ ಹಿಡಿಯಿತು. ಹಳೆಯ ಇಂಜಿನ್ನು, ತಾನೇ ಬೆಸುಗೆ ಹಾಕಿದ ಮೈ, ಡ್ಯಾಶ್‌ಬೋರ್ಡಿನಲ್ಲಿ ಸಾಲಾಗಿ ಎಂಟು ಸ್ವಿಚ್ಚು, ಎಂಟೂ ಒಂದೇ ಥರ. ತಗಡು ಹಿಡಿದು ನಿಂತವಳು, ತುಕ್ಕು ಉಜ್ಜಿದವಳು, ಸೀಟಿಗೆ ಬಟ್ಟೆ ಹೊಲಿದವಳು ಆಕೆ. ಐವತ್ತೇಳನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸೂ ತಂದಳು. ಆ ಕಾರನ್ನು ಒಂದೇ ಒಂದು ಸಲ ತಾನೇ ಓಡಿಸಬೇಕು, ಅಷ್ಟೇ ಆಕೆಯ ಆಸೆ.

"ಯಾವ ಸ್ವಿಚ್ಚು ಯಾವುದಕ್ಕೆ ಅಂತ ಹೇಳಿ. ಚೀಟಿ ನಾನು ಬರೀತೀನಿ."

ಎರಡು ತಿಂಗಳು ಇವತ್ತು ನಾಳೆ ಎಂದು ತಳ್ಳಿದವನು ಒಂದು ದಿನ ಅದೇನು ಮನಸ್ಸು ಬಂತೋ, ಎಡದಿಂದ ಒಂದೊಂದಾಗಿ ಹೇಳಿಕೊಟ್ಟ. ಎರಡನೆಯದು ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನದು, ಕೊನೆಯದು ಇಂಜಿನ್ ತಣ್ಣಗಿಡುವ ಫ್ಯಾನಿನದು, ಕಾರು ಓಡಿ ಬಿಸಿಯಾದ ಮೇಲಷ್ಟೇ ಹಾಕಬೇಕಾದ್ದು. ಆಕೆ ಬರೆದು, ಎರಡು ಸಲ ಓದಿ, ಅಂಟಿಸಿ, ಮೇಲೆ ವಾರ್ನಿಷ್ ಬಳಿದಳು. ಈ ಮನುಷ್ಯ ತನ್ನ ತಲೆಯೊಳಗಿನದನ್ನು ತನಗೆ ಬಿಟ್ಟುಕೊಟ್ಟದ್ದು ಇದೇ ಮೊದಲು ಎಂದು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕಳು.

ಆದರೆ ಆಕೆ ಕೂತರೆ ಕಾರು ಕೆಮ್ಮುತ್ತಿತ್ತೇ ಹೊರತು ಹತ್ತುತ್ತಿರಲಿಲ್ಲ.

"ಗುಂಯ್ ಅಂತಿದೆಯಲ್ಲ, ಪಂಪ್ ಸರಿಯಾಗಿದೆ. ನಿನ್ನ ಕೈಗುಣವೇ ಸರಿಯಿಲ್ಲ, ಇಳಿ," ಎನ್ನುವನು. ತಾನು ಕೂತು, ಬೋರ್ಡಿಗೆ ಮೈ ಅಡ್ಡಮಾಡಿ, ಒಂದೇ ಏಟಿಗೆ ಶುರುಮಾಡುವನು. ಹೀಗೆ ಎಷ್ಟೋ ಸಲ. "ನಮ್ಮವಳನ್ನ ಕಂಡ್ರೆ ಕಾರಿಗೂ ಮುನಿಸು," ಎಂದು ನೆಂಟರ ಮುಂದೆ ನಗೆಯಾಡುವನು. ನೆಂಟರು ನಗುವರು. ಪಾಪ, ಆಕೆಯೂ ನಗುವಳು.

ಒಂದು ಮಧ್ಯಾಹ್ನ ಆತ ಶೆಡ್ಡಿನಲ್ಲೇ ಕುಸಿದ. ಬಾಯಿ ಸೊಟ್ಟಗಾಗಿತ್ತು. ಆಂಬುಲೆನ್ಸಿಗೆ ನಲವತ್ತು ನಿಮಿಷ ಆಗುತ್ತದೆ ಎಂದರು. ಪಕ್ಕದ ಮನೆಯವರು ಆತನನ್ನು ಎತ್ತಿ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದರು. ಆಕೆ ಒಂದೊಂದೇ ಚೀಟಿಯನ್ನು ಜೋರಾಗಿ ಓದುತ್ತ, ಫ್ಯಾನಿನದೊಂದನ್ನು ಬಿಟ್ಟು, ಸ್ವಿಚ್ಚು ಹಾಕಿದಳು. ಇಂಜಿನ್ನು ಕೆಮ್ಮಿತು, ಹತ್ತಲಿಲ್ಲ. ಆತ ಎಡಗೈಯನ್ನು ಬೋರ್ಡಿನತ್ತ ಚಾಚಿದ. "ಸುಮ್ನಿರಿ, ಆಯಾಸ ಮಾಡ್ಕೋಬೇಡಿ," ಎಂದು ಆ ಕೈಯನ್ನು ಆಕೆಯೇ ಮೆಲ್ಲಗೆ ಕೆಳಗಿಟ್ಟಳು.

ಬೇಗ ತಂದಿದ್ದರೆ ಮಾತು ಉಳಿಯುತ್ತಿತ್ತೇನೋ ಎಂದರು ಡಾಕ್ಟರು. ಆತನ ಮಾತೂ ಹೋಯಿತು, ಬಲಭಾಗವೂ ಹೋಯಿತು. ತನ್ನ ಕೈಯನ್ನೇ ಶಪಿಸಿಕೊಂಡು ಆಕೆ ಒಂದು ತಿಂಗಳು ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಗ್ಯಾರೇಜಿನವನನ್ನು ಕರೆದಳು. "ನನ್ನ ಕೈ ಏನು ತಪ್ಪು ಮಾಡ್ತು, ನೋಡಿ ಹೇಳಪ್ಪ."

ಅವನು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಐದು ನಿಮಿಷದಲ್ಲಿ ಹೊರಬಂದ. "ಅಕ್ಕಾ, ಪಂಪ್ ಅಂತ ಬರೆದಿರೋದು ಫ್ಯಾನಿಂದು, ಫ್ಯಾನ್ ಅಂತ ಬರೆದಿರೋದು ಪಂಪಿಂದು. ಮಿಕ್ಕ ಆರೂ ಸರಿಯಾಗಿವೆ. ಯಾರಕ್ಕ ಇದನ್ನ ಬರೆದಿದ್ದು?"

"ನಾನೇ," ಎಂದಳು.

ಅವನು ಕೊನೆಯ ಸ್ವಿಚ್ಚು ಹಾಕಿದ. ಕಾರು ಒಂದೇ ಏಟಿಗೆ ಹತ್ತಿತು. ಆಕೆಗೆ ಅಳು ಬರಲಿಲ್ಲ. ಅಡಿಯಿಂದ ಮುಡಿಯವರೆಗೆ ಉರಿಯಿತು. ಇಡೀ ಜನ್ಮದಲ್ಲಿ ಆಕೆ ಬರೆದ ಸುಳ್ಳು ಚೀಟಿ ಅವೆರಡೇ. ಅವನ್ನೂ ಆತನೇ ಬರೆಸಿದ್ದ.

ಅದೇ ಗ್ಯಾರೇಜಿನವನ ಕೈಯಲ್ಲಿ ಮಂಚದ ಪಕ್ಕ, ಆತನ ಎಡಗೈಗೆ ಸಿಗುವಂತೆ, ಮೂರು ಸ್ವಿಚ್ಚು ಹಾಕಿಸಿದಳು. ದೀಪ, ಗಾಳಿ, ಗಂಟೆ. ಮೂರಕ್ಕೂ ಅದೇ ಮುತ್ತಿನಂಥ ಅಕ್ಷರದಲ್ಲಿ ಚೀಟಿ ಅಂಟಿಸಿದಳು. ಆತ ಅಕ್ಷರ ನೋಡಿದ, ಆಕೆಯ ಮುಖ ನೋಡಿದ. ಆಕೆಗೆ ಎಲ್ಲ ಗೊತ್ತಾಗಿದೆ ಎಂದು ಆತನಿಗೂ ಗೊತ್ತಾಯಿತು. ಬೆರಳು ಗಂಟೆಯ ಸ್ವಿಚ್ಚಿನವರೆಗೆ ಹೋಗಿ ನಿಂತಿತು.

"ಒತ್ತಿ," ಎಂದಳು. "ಬರೆದಿರೋದೇ ಆಗುತ್ತೆ. ಇದನ್ನ ನೀವು ಹೇಳಿ ಬರೆಸಿದ್ದಲ್ಲ."

ಆತ ಒತ್ತಲಿಲ್ಲ. ಹಣೆಯಲ್ಲಿ ಬೆವರು ಮೂಡಿತು. ಆಕೆ ಬೆವರು ಒರೆಸಿ, ಮೊಳೆಗೆ ನೇತುಹಾಕಿದ್ದ ಕೀಲಿ ತೆಗೆದುಕೊಂಡು ಶೆಡ್ಡಿಗೆ ಹೋದಳು. ಕಾರು ಹತ್ತಿತು. ಗೇಟಿನ ಹತ್ತಿರ ಇಂಜಿನ್ ಆರಿಸಿ ಸ್ವಲ್ಪ ಹೊತ್ತು ಮನೆಯ ಕಡೆ ಕಿವಿಗೊಟ್ಟು ಕೂತಳು. ಗಂಟೆ ಕೇಳಿಸಲಿಲ್ಲ. ಮತ್ತೆ ಶುರುಮಾಡಿ ರಸ್ತೆಗಿಳಿದಳು.