ಚಿಕ್ಕಮ್ಮನ ಪರವಾಗಿ ನಾನು ಕೊಟ್ಟ ಉತ್ತರ

ಈ ವರ್ಷ ಜನವರಿಯ ಮೂರನೆಯ ಮಂಗಳವಾರ ಬೆಳಿಗ್ಗೆ, ಬಾಂದ್ರಾದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ, ಚೀನೀ ಪದ್ಧತಿಯ ವೈದ್ಯೆಯೊಬ್ಬರು ನನ್ನನ್ನು ಕೋಣೆಯಿಂದ ಹೊರಗೆ ಕಳಿಸಿದರು. ಒಳಗೆ ಉಳಿದವರು ನನ್ನ ಚಿಕ್ಕಮ್ಮ ವಾರಿಜ. ವಯಸ್ಸು ಐವತ್ತೆಂಟು, ಕುರ್ಲಾ ನಿವಾಸಿ.

ವರದಿಯಾಗಿದ್ದರೆ ಮೊದಲ ಪ್ಯಾರಾ ಇಲ್ಲಿಗೆ ಮುಗಿಯುತ್ತಿತ್ತು. ಇದು ವರದಿಯಲ್ಲವಾದ್ದರಿಂದ ವಾಸನೆಯ ವಿಷಯವನ್ನೂ ಹೇಳಬಹುದು. ಇವತ್ತು ಬೆಳಿಗ್ಗೆ ಕುರ್ಲಾ ಸ್ಟೇಷನ್ನಿನ ಹೊರಗೆ ಹೂವಿನವಳು ನಾಳೆಯ ಚೌತಿಗೆಂದು ಮಾಚಿಪತ್ರೆಯ ಕಟ್ಟುಗಳನ್ನು ಹರಡಿಕೊಂಡು ಕೂತಿದ್ದಳು. ಒಂದು ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿದೆ. ನಾವು ಗಣಪತಿಗೆ ಏರಿಸುವ ಈ ಎಲೆಯ ಹತ್ತಿರದ ಸಂಬಂಧಿಯನ್ನೇ ಚೀನೀ ವೈದ್ಯದವರು ಒಣಗಿಸಿ, ಹತ್ತಿಯ ಹಾಗೆ ಮೆತ್ತಗೆ ಮಾಡಿ, ಬತ್ತಿ ಸುತ್ತಿ, ಅದರ ಕೆಂಡವನ್ನು ಮೈಗೆ ತಾಗದಷ್ಟು ದೂರ ಹಿಡಿದು ಶಾಖ ಕೊಡುತ್ತಾರೆ. ಬಾಂದ್ರಾದ ಆ ಕೋಣೆಯ ಗೋಡೆ, ಪರದೆ, ಕುರ್ಚಿಯ ಬಟ್ಟೆ ಎಲ್ಲದರಲ್ಲೂ ಆ ಹೊಗೆ ಕೂತಿತ್ತು. ಚಿಕ್ಕಮ್ಮ ಒಳಗೆ ಕಾಲಿಟ್ಟವರೇ "ಇದೆಂತ, ದೇವರ ಕೋಣೆ ವಾಸನೆ ಬರ್ತಾ ಉಂಟು" ಎಂದಿದ್ದರು. ಅವರಿಗೆ ಅಲ್ಲಿ ಅರ್ಧ ಧೈರ್ಯ ಬಂದದ್ದು ಆ ವಾಸನೆಯಿಂದ.

ನಾನು ಮುಂಬಯಿಯ ಕನ್ನಡ ಪತ್ರಿಕೆಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಯಾರು, ಏನು, ಎಲ್ಲಿ, ಯಾವಾಗ, ಏಕೆ ಎಂದು ಕೇಳದೆ ಒಂದು ಸಾಲನ್ನೂ ಮುಂದೆ ಬಿಡುವವಳಲ್ಲ ಎಂಬ ಖ್ಯಾತಿ ನನಗಿದೆ. ಅದನ್ನು ಹಬ್ಬಿಸಿದವಳು ಬಹುಪಾಲು ನಾನೇ. ವೈದ್ಯೆ ಲಿನ್ ಮೇಡಂ ನನಗೆ ಪರಿಚಯವಾದದ್ದು ಕೂಡ ಕೆಲಸದಿಂದಲೇ. ಮಹಿಳೆಯರ ಪುಟಕ್ಕೆಂದು ಹಿಂದೊಮ್ಮೆ ಅವರನ್ನು ಮಾತಾಡಿಸಿದ್ದೆ. ಸಿಟ್ಟು ಯಕೃತ್ತಿನಲ್ಲಿ ಕೂರುತ್ತದೆ, ದುಃಖ ಶ್ವಾಸಕೋಶದಲ್ಲಿ, ಚಿಂತೆ ಹೊಟ್ಟೆಯಲ್ಲಿ. ಮನಸ್ಸು ರಾತ್ರಿ ರಕ್ತದಲ್ಲಿ ಮಲಗುತ್ತದೆ, ರಕ್ತ ತೆಳುವಾದರೆ ಮಲಗಲು ಅದಕ್ಕೆ ಜಾಗವಿಲ್ಲ ಎಂದು ಅವರು ಹೇಳಿದ್ದರು. ಪ್ರತಿ ವಾಕ್ಯದ ಕೊನೆಗೂ "ಎನ್ನುತ್ತಾರೆ ಅವರು" ಎಂದು ಸೇರಿಸಿ, ಜವಾಬ್ದಾರಿ ಕಳೆದುಕೊಂಡು, ಅಚ್ಚಿಗೆ ಕಳಿಸಿದ್ದೆ.

ಚಿಕ್ಕಮ್ಮ ಆ ಲೇಖನ ಓದಿರಲಿಲ್ಲ. ಅವರಿಗೆ ಬೇಕಾದದ್ದು ನಿದ್ದೆ. ಕಳೆದ ವರ್ಷದ ಕೊನೆಗೆ ಅವರು ಬೆಳಗಿನ ಮೂರಕ್ಕೆ ಎದ್ದು ಕೂರತೊಡಗಿದ್ದರು. ತೆಂಗಿನಕಾಯಿ ತುರಿಯುವಾಗ ಕಣ್ಣಲ್ಲಿ ನೀರು. ಎರಡು ಮಹಡಿ ಹತ್ತಿದರೆ ಏದುಸಿರು. "ಅವಳಿಗೆಂತ ಆಗಿದೆ? ಗುಂಡುಕಲ್ಲಿನ ಹಾಗೆ ಇದ್ದಾಳೆ," ಎಂದು ಚಿಕ್ಕಪ್ಪ ಹೋಟೆಲಿನ ಗಲ್ಲೆಯಲ್ಲಿ ಕೂತುಕೊಂಡೇ ತೀರ್ಪು ಕೊಟ್ಟಿದ್ದರು. ಡಾಕ್ಟರರ ಹತ್ತಿರ ಹೋಗುವ ಎಂದರೆ ಚಿಕ್ಕಮ್ಮ ಒಪ್ಪಲಿಲ್ಲ. ಸೂಜಿ ಚುಚ್ಚಿ ನಿದ್ದೆ ಬರಿಸುವವರು ಒಬ್ಬರಿದ್ದಾರೆ, ರಕ್ತ ತೆಗೆಯುವುದಿಲ್ಲ, ಬಟ್ಟೆ ಬಿಚ್ಚಿಸುವುದಿಲ್ಲ ಎಂದ ಮೇಲೆ ಹೊರಟರು. ಬಟ್ಟೆಯ ಮಾತು ಅವರಿಗೆ ಯಾಕೆ ಅಷ್ಟು ಮುಖ್ಯವಾಯಿತು ಎಂದು ನಾನು ಕೇಳಲಿಲ್ಲ. ಐದು ಪ್ರಶ್ನೆಗಳನ್ನು ಆಫೀಸಿನಲ್ಲಿ ಬಿಟ್ಟುಬರುವ ಅಭ್ಯಾಸ ನನಗೆ.

ಮೆಟ್ಟಿಲು ಹತ್ತುತ್ತ ಅವರೇ ಕೇಳಿದರು:

"ಇವರು ಚೀನಾದವರಾ?"

"ಇಲ್ಲೇ ಮುಂಬಯಿಯ ಮಜಗಾಂವ್‌ನವರು. ಅಜ್ಜ ಆ ಕಡೆಯವರು."

"ಹಾಗಾದ್ರೆ ನಮ್ಮ ಹಾಗೆಯೇ. ಐವತ್ತು ವರ್ಷ ಇದ್ರೂ ಇಲ್ಲಿಯವರು ನಮ್ಮನ್ನು ಮದ್ರಾಸಿ ಅಂತಾರಲ್ಲ."

ಲಿನ್ ಮೇಡಂ ಅಪ್ಪಟ ಮುಂಬಯಿ ಹಿಂದಿಯಲ್ಲಿ "ಆಯಿಯೇ ಆಂಟಿ, ಫ್ಯಾನ್ ಕೆ ನೀಚೆ ಬೈಠೋ" ಎಂದು ಫ್ಯಾನಿನ ಕೆಳಗಿನ ಕುರ್ಚಿ ತೋರಿಸಿದಾಗ ಚಿಕ್ಕಮ್ಮನ ಉಳಿದರ್ಧ ಧೈರ್ಯವೂ ಬಂತು.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ಚಿಕ್ಕಮ್ಮ ಮದುವೆಯಾಗಿ ಬಂದದ್ದು ಕುರ್ಲಾದ ಚಾಳಿನ ಒಂದೇ ಕೋಣೆಗೆ. ಊರಿನ ಮನೆಯಲ್ಲಾದರೆ ತಿಂಗಳ ಮೂರು ದಿನ ಹೊರಗೆ ಕೂರಲು ಜಗಲಿಯೋ ಕೊಟ್ಟಿಗೆಯ ಬದಿಯೋ ಇರುತ್ತದೆ. ಹತ್ತಡಿ ಅಗಲದ ಖೋಲಿಯಲ್ಲಿ ಹೊರಗೆ ಎಲ್ಲಿಂದ ತರುವುದು? ಅತ್ತೆ ಬಾಗಿಲ ಪಕ್ಕ, ಚಪ್ಪಲಿಗಳ ಸಾಲಿಗೆ ತಾಗಿಸಿ, ಒಂದು ಚಾಪೆ ಹಾಸಿ ಅದನ್ನೇ ಹೊರಗೆ ಎಂದು ನಿಗದಿ ಮಾಡಿದರು. ಚಾಳಿನಲ್ಲಿ ಬಾಗಿಲು ಹಗಲಿಡೀ ತೆರೆದೇ ಇರುತ್ತದೆ. ನೀರಿಗೆ ಹೋಗುವವರು, ಶಾಲೆಯ ಮಕ್ಕಳು, ಪೇಪರ್ ಹಾಕುವವರು, ಎಲ್ಲರಿಗೂ ವಾರಿಜಕ್ಕನ ತಿಂಗಳ ಲೆಕ್ಕ ಗೊತ್ತಾಗುತ್ತಿತ್ತು. ಅತ್ತೆ ತೀರಿಕೊಂಡ ಮೇಲೂ ಚಾಪೆ ಉಳಿಯಿತು. ರಜೆಗೆ ಹೋದಾಗಲೆಲ್ಲ ನಾನೂ ಅದನ್ನು ದಾಟಿಕೊಂಡೇ ಒಳಗೆ ಹೋಗಿದ್ದೇನೆ.

ಅವರ ಐವತ್ತೆರಡನೆಯ ವಯಸ್ಸಿನಲ್ಲಿ ಒಂದು ದಿನ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಪಾಯಸ ಮಾಡಿ ಕರೆದರು. ಎರಡು ಲೋಟ ಕುಡಿದು ಬಂದೆ. ಯಾಕೆ ಪಾಯಸ ಎಂದು ಕೇಳಲಿಲ್ಲ. ಮುಟ್ಟು ನಿಂತು ಒಂದು ವರ್ಷ ಪೂರ್ತಿಯಾಯಿತೆಂದು ಮಾಡಿದ್ದಂತೆ; ಬಹಳ ಕಾಲದ ಮೇಲೆ ಮಾತಿನ ನಡುವೆ ತಿಳಿಯಿತು. ಅದೇ ವರ್ಷ ನಮ್ಮ ಭಜನಾ ಮಂಡಳಿಯ ಒಲೆ ಅವರ ಕೈಗೆ ಬಂತು. ಮಂಡಳಿಯಲ್ಲಿ ಚೌತಿಯ ಐದು ದಿನ ನೈವೇದ್ಯದ ಅಡುಗೆಗೆ ನಿಲ್ಲುವ ಹೆಂಗಸಿಗೆ ಮುಟ್ಟು ನಿಂತಿರಬೇಕು. ಇದನ್ನು ಎಲ್ಲೂ ಬರೆದಿಟ್ಟಿಲ್ಲ, ಯಾರೂ ಮೀರಿದ್ದೂ ಇಲ್ಲ. ಪಂಚಕಜ್ಜಾಯಕ್ಕೆ ಬೆಲ್ಲದ ಪಾಕ ಎಷ್ಟು ಹದಕ್ಕೆ ಬರಬೇಕು, ಮೋದಕಕ್ಕೆ ಎಷ್ಟು ಕಾಯಿ ಎಂದು ಹೇಳುವವರು ವಾರಿಜಕ್ಕ, ಹೇಳಿದ ಹಾಗೆ ಮಾಡುವವರು ಪ್ರಭಾಕ್ಕ. ಗಂಡಸರೂ ಬಾಗಿಲಲ್ಲಿ ನಿಂತು "ಬರಬಹುದಾ?" ಎಂದು ಕೇಳಿಯೇ ಒಳಗೆ ಹೋಗುತ್ತಿದ್ದರು. ಚಾಪೆಯಿಂದ ಒಲೆಯವರೆಗೆ ಬರಲು ಅವರಿಗೆ ಮೂವತ್ತು ವರ್ಷ ಹಿಡಿದಿತ್ತು.

ಬಾಂದ್ರಾಕ್ಕೆ ವಾಪಸಾಗೋಣ. ಲಿನ್ ಮೇಡಂ ಮೊದಲು ನಾಲಿಗೆ ಚಾಚಲು ಹೇಳಿದರು. ಚಿಕ್ಕಮ್ಮ ನಾಚಿಕೊಂಡು, ಸೆರಗು ಅಡ್ಡ ಹಿಡಿದು, ತುದಿ ಮಾತ್ರ ತೋರಿಸಿದರು. ಆಮೇಲೆ ಎರಡೂ ಮಣಿಕಟ್ಟಿನ ಮೇಲೆ ಮೂರು ಮೂರು ಬೆರಳಿಟ್ಟು ಬಹಳ ಹೊತ್ತು ನಾಡಿ ನೋಡಿದರು. ಈ ಪದ್ಧತಿಯಲ್ಲಿ ಅದರ ಜೊತೆಗೆ ಹತ್ತು ವಿಷಯಗಳನ್ನು ಕೇಳಿಯೇ ತೀರುವ ರೂಢಿಯಿದೆ. ಚಳಿಯೋ ಸೆಖೆಯೋ, ಬೆವರು, ಹಸಿವು, ಬಾಯಾರಿಕೆ, ಹೀಗೆ. ಪ್ರಶ್ನೆ ಚಿಕ್ಕಮ್ಮನಿಗೆ. ಉತ್ತರ ಕೊಡುತ್ತಿದ್ದವಳು ನಾನು.

"ನಿದ್ದೆ?"

"ಮೂರಕ್ಕೆ ಎಚ್ಚರವಾಗ್ತದೆ," ಎಂದೆ.

"ಅಳು ಬರ್ತದಾ?"

"ಚಿಕ್ಕ ಚಿಕ್ಕ ವಿಷಯಕ್ಕೂ," ಎಂದೆ.

"ತಿಂಗಳದ್ದು?"

"ನಿಂತು ಏಳು ವರ್ಷ ಆಯ್ತು," ಎಂದೆ. ದಿನಾಂಕ ಕೇಳಿದ್ದರೆ ಅದನ್ನೂ ಹೇಳುತ್ತಿದ್ದೆನೇನೋ.

ಲಿನ್ ಮೇಡಂ ಚಿಕ್ಕಮ್ಮನ ಕೆಳರೆಪ್ಪೆಯನ್ನು ಎಳೆದು ನೋಡಿದರು. ಇನ್ನೊಮ್ಮೆ ನಾಲಿಗೆ ನೋಡಿದರು. ನಾಲಿಗೆ ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿಚಿತ್ತು. ಆಮೇಲೆ ನನ್ನ ಕಡೆ ತಿರುಗಿ, "ತುಮ್ ಜರಾ ಬಾಹರ್ ಬೈಠೋ. ಆಂಟಿ ಕೆ ಪಾಸ್ ಖುದ್ ಕಾ ಮುಂಹ್ ಹೈ," ಎಂದರು. ಅವರಿಗೆ ಅವರದೇ ಬಾಯಿದೆ, ನೀನು ಹೊರಗಿರು ಎಂದು.

ಹೊರಗಿನ ಬೆಂಚಿನಲ್ಲಿ ಇಪ್ಪತ್ತು ನಿಮಿಷ ಕೂತೆ. ಕಿರಿಯ ವರದಿಗಾರನೊಬ್ಬ ಕಳಿಸಿದ ಸುದ್ದಿ ಫೋನಿನಲ್ಲಿತ್ತು. ಅದರಲ್ಲಿ ಒಂದು ವಾಕ್ಯವನ್ನು ಹೊಡೆದುಹಾಕಿ, "ಸಂಬಂಧಪಟ್ಟವರನ್ನು ಕೇಳಿದ್ದೀಯಾ?" ಎಂದು ಬರೆದು ವಾಪಸು ಕಳಿಸಿದೆ. ಅಷ್ಟರಲ್ಲಿ ಒಳಗೆ ಕರೆದರು.

ಚಿಕ್ಕಮ್ಮ ತಮ್ಮ ಬಳೆಗಳನ್ನು ನೋಡುತ್ತಿದ್ದರು.

"ಪುನಃ ಶುರುವಾಗಿದೆ," ಎಂದರು.

"ಎಂತದು?"

"ಎಂತದೂಂತ ಕೇಳ್ತಾಳೆ, ದೊಡ್ಡ ಪೇಪರಿನವಳು! ಅದೇ ಮಾರಾಯ್ತಿ."

"ಯಾವಾಗಿಂದ?"

"ಹೋದ ಚೌತಿಗೆ ಎರಡು ವಾರ ಇರುವಾಗ. ಬರ್ತದೆ, ನಿಲ್ತದೆ, ಪುನಃ ಬರ್ತದೆ."

ಎಣಿಸಿದೆ. ಐದು ತಿಂಗಳು ಆಗಿತ್ತು. ಕುರ್ಲಾದಲ್ಲಿ ನಾನು ಅವರ ಬಿಲ್ಡಿಂಗಿನಲ್ಲೇ, ಅವರ ಮೇಲಿನ ಮಹಡಿಯಲ್ಲಿದ್ದೇನೆ. ದಿನಾ ಸಂಜೆ ಅವರ ಮನೆಯಲ್ಲಿ ಚಹಾ ಕುಡಿಯುತ್ತೇನೆ.

"ಯಾರಿಗೂ ಹೇಳ್ಲಿಲ್ವಾ?"

"ಯಾರಿಗೆ ಹೇಳುದು? ಹೇಳಿದ್ರೆ ಒಲೆ ಪ್ರಭಾಳಿಗೆ ಹೋಗ್ತದೆ, ನಂಗೆ ಪುನಃ ಚಾಪೆ. ಹೇಳದೆ ಐದು ದಿನ ನೈವೇದ್ಯ ಮಾಡಿದೆ. ಮೈಲಿಗೆಯ ಕೈಯಲ್ಲಿ. ಮಲಗಿದ್ರೆ ಅದೇ ಕಾಣ್ತದೆ. ಎಲ್ಲಿಂದ ಬರ್ಬೇಕು ನಿದ್ದೆ?"

ಲಿನ್ ಮೇಡಂಗೆ ಕನ್ನಡ ಬಾರದು. ಆದರೆ ವಿಷಯವನ್ನೆಲ್ಲ ಅವರು ಚಿಕ್ಕಮ್ಮನ ಹರಕು ಹಿಂದಿಯಲ್ಲಿ ಆಗಲೇ ಕೇಳಿಕೊಂಡಿದ್ದರು. ಸೂಜಿಯ ಡಬ್ಬಿಯನ್ನು ಮುಚ್ಚಿ ಪಕ್ಕಕ್ಕಿಟ್ಟರು. ನಿಂತುಹೋದ ಮೇಲೆ ಒಂದು ಹನಿ ಬಂದರೂ ಮೊದಲು ಆಸ್ಪತ್ರೆ, ನಿದ್ದೆ ಗಿದ್ದೆ ಆಮೇಲೆ. ನಾಳೆ ನಾಡಿದ್ದು ಅಲ್ಲ, ಇಲ್ಲಿಂದ ನೇರ ಪರೇಲಿನ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಟ್ಟರು. ಕೊನೆಗೆ ಚಿಕ್ಕಮ್ಮನ ಕೈ ಹಿಡಿದು, "ಯೇ ವೋ ನಹೀಂ ಹೈ, ಆಂಟಿ. ಯೇ ಬೀಮಾರಿ ಕಾ ಖೂನ್ ಹೈ," ಎಂದರು.

ಚಿಕ್ಕಮ್ಮ ನನ್ನ ಮುಖ ನೋಡಿದರು.

"ಹಾಗಾದ್ರೆ ಇದು ಮುಟ್ಟು ಅಲ್ವಾ?"

"ಅಲ್ಲ. ಕಾಯಿಲೆ ಇರಬಹುದು ಅಂತಿದ್ದಾರೆ. ದೊಡ್ಡದೂ ಇರಬಹುದು."

"ಕಾಯಿಲೆಯಾ?" ಎಂದರು. ಅವರ ಮುಖ ಸಡಿಲವಾಯಿತು. "ಅಬ್ಬ, ದೇವ್ರೇ! ಬರೇ ಕಾಯಿಲೆ."

ಪರೇಲಿನವರೆಗೆ ಟ್ಯಾಕ್ಸಿಯಲ್ಲಿ ಅವರು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಮಾಡಿದರು. ಗೊರಕೆಯೂ ಇತ್ತು. ಸಾವಿನ ಸುದ್ದಿಗಳನ್ನು ಮೊಬೈಲಿನಲ್ಲೇ ತಿದ್ದಿ ಕಳಿಸುವ ನಾನು ಆ ಚೀಟಿಯ ನಾಲ್ಕು ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ.

ಮುಂದಿನದು ಆಸ್ಪತ್ರೆಯ ಕಾಗದದಲ್ಲಿದೆ. ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರ್, ಆರಂಭದ ಹಂತ. ಫೆಬ್ರವರಿಯಲ್ಲಿ ಗರ್ಭಕೋಶ ತೆಗೆದರು. ಬೇರೆಲ್ಲೂ ಹರಡಿಲ್ಲವೆಂದು ಆಮೇಲಿನ ವರದಿ ಹೇಳಿತು. "ಐದು ತಿಂಗಳು ಯಾಕೆ ಸುಮ್ಮನಿದ್ದಿರಿ?" ಎಂದು ಅಲ್ಲಿಯ ಡಾಕ್ಟರು ಕೇಳಿದಾಗ ನಾನು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡೆ. ಚಿಕ್ಕಮ್ಮ ಅರ್ಧ ಹಿಂದಿ ಅರ್ಧ ಮರಾಠಿಯಲ್ಲಿ ಮೋದಕದಿಂದ ಹಿಡಿದು ಚಾಪೆಯವರೆಗೆ ಎಲ್ಲವನ್ನೂ ವಿವರಿಸಿದರು. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು.

ಮೇ ತಿಂಗಳಿಂದ, ಆಸ್ಪತ್ರೆಯವರ ಒಪ್ಪಿಗೆ ಕೇಳಿ, ಚಿಕ್ಕಮ್ಮ ಲಿನ್ ಮೇಡಂ ಹತ್ತಿರ ವಾರಕ್ಕೊಮ್ಮೆ ಹೋದರು. ಪಾದ, ಮಣಿಕಟ್ಟು, ಹುಬ್ಬುಗಳ ನಡುವೆ ಕೂದಲಿನಂಥ ಸೂಜಿಗಳು. ಅರ್ಧ ಗಂಟೆ ಅಲುಗದೆ ಮಲಗಬೇಕು. "ಮದುವೆಯಾದ ಮೇಲೆ ಹಗಲಲ್ಲಿ ಅರ್ಧ ಗಂಟೆ ಮಲಗಿದ್ದು ಇದೇ ಮೊದಲು ಮಾರಾಯ್ತಿ. ಎದ್ದು ಹೋಗುವಾಂದ್ರೆ ಸೂಜಿ ಉಂಟಲ್ಲ," ಎನ್ನುತ್ತಿದ್ದರು. ಈಗ ರಾತ್ರಿ ನಿದ್ದೆ ಬರುತ್ತಿದೆ. ಸೂಜಿಯಿಂದ ಬಂತೋ, ಹೇಳಿಕೊಂಡದ್ದರಿಂದ ಬಂತೋ ಎಂಬುದಕ್ಕೆ ನನ್ನಲ್ಲಿ ಪುರಾವೆಯಿಲ್ಲ.

ಜುಲೈಯಲ್ಲಿ ಮಂಡಳಿಯ ಹೆಂಗಸರ ಸಭೆಯಲ್ಲಿ ಚಿಕ್ಕಮ್ಮ ಎದ್ದುನಿಂತು, ಹೋದ ಚೌತಿಗೆ ತನಗೆ ಹೀಗಾಗಿತ್ತು, ಮುಚ್ಚಿಟ್ಟೆ, ಈಗ ಹೇಳುತ್ತಿದ್ದೇನೆ ಎಂದರು. ಮೊದಲು ಮಾತಾಡಿದವರು ಪ್ರಭಾಕ್ಕ. ಚಿಕ್ಕಮ್ಮನ ಕೈಕೆಳಗೆ ಆರು ವರ್ಷ ಕಾಯಿ ತುರಿದವರು, ವಯಸ್ಸು ಐವತ್ತಾರು.

"ಕಾಯಿಲೆಯೋ ಎಂತದೋ ಡಾಕ್ಟರಿಗೆ ಗೊತ್ತು ವಾರಿಜಕ್ಕ. ದೇವರಿಗೆ ರಕ್ತ ಅಂದ್ರೆ ರಕ್ತವೇ. ಒಂದು ಪುಣ್ಯಾಹ ಆಗ್ಲಿಕ್ಕೇಬೇಕು."

ಪುಣ್ಯಾಹ ಆಯಿತು. ಭಟ್ಟರು ಬಂದು ಅಡುಗೆಮನೆಯ ಮೂಲೆ ಮೂಲೆಗೂ ನೀರು ಚಿಮುಕಿಸಿದರು. ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿಸಿದರು. ಒಲೆ ಪ್ರಭಾಕ್ಕನಿಗೆ ಹೋಯಿತು. ನಾನು ಸಿಟ್ಟಿನಿಂದ ಕುದಿಯುತ್ತಿದ್ದೆ. ಚಿಕ್ಕಮ್ಮ ಮಾತ್ರ ಹೋಗಿ, ಎಲ್ಲರ ಜೊತೆ ತೀರ್ಥ ತೆಗೆದುಕೊಂಡು ಬಂದು, "ತಿಕ್ಕಿಸಿದ್ದು ಒಳ್ಳೆದಾಯ್ತು. ಆ ದೊಡ್ಡ ಬಾಣಲೆ ತಳ ಹಿಡಿದಿತ್ತು," ಎಂದರು.

ಮೊನ್ನೆ ಸಂಜೆ ನಾನು ಚಿಕ್ಕಮ್ಮನ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಪ್ರಭಾಕ್ಕ ಬಂದರು. ಮೋದಕದ ಹಿಟ್ಟಿಗೆ ನೀರಿನ ಅಳತೆ ಕೇಳಿದರು. ಚಿಕ್ಕಮ್ಮ ಹೇಳಿದರು. ಆಮೇಲೂ ಪ್ರಭಾಕ್ಕ ಎದ್ದು ಹೋಗಲಿಲ್ಲ. ಲೋಟದ ಅಂಚನ್ನು ಬೆರಳಲ್ಲಿ ಸುತ್ತುತ್ತಾ ಇದ್ದವರು ಕೊನೆಗೆ ಕೇಳಿದರು:

"ವಾರಿಜಕ್ಕ, ಆ ಪರೇಲಿನ ಆಸ್ಪತ್ರೆಗೆ ಯಾವ ಗೇಟಿಂದ ಹೋಗುದು?"

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ನನ್ನ ಮೊಣಕಾಲು ಒತ್ತಿದರು.

"ಎಷ್ಟು ಸಮಯ ಆಯ್ತು?" ಎಂದು ಕೇಳಿದರು.

"ಯುಗಾದಿಯಿಂದ," ಎಂದರು ಪ್ರಭಾಕ್ಕ. ಅಂದರೆ, ಪುಣ್ಯಾಹ ಬೇಕೆಂದು ಸಭೆಯಲ್ಲಿ ಹೇಳುವಾಗಲೂ.

"ನಿನ್ನೆಯೇ ಹೇಳ್ಬೇಕಿತ್ತು. ನಾಳೆ ಆ ಡಾಕ್ಟರು ಬರುದಿಲ್ಲ. ನಾಡಿದ್ದು ಬೆಳಿಗ್ಗೆ ಹೊರಡು, ನಾನು ಬರ್ತೇನೆ."

"ನಾಡಿದ್ದು ಚೌತಿಯ ಮುಂಚಿನ ದಿನ ಅಲ್ವಾ? ಒಲೆ?"

"ಒಲೆ ಅಲ್ಲೇ ಇರ್ತದೆ ಪ್ರಭಾ. ಓಡಿಹೋಗುದಿಲ್ಲ."

ಇವತ್ತು ಬೆಳಿಗ್ಗೆ ಇಬ್ಬರನ್ನೂ ಸ್ಟೇಷನ್ನಿಗೆ ಬಿಟ್ಟುಬಂದೆ. ನಾನೂ ಬರುತ್ತೇನೆ ಎಂದೆ. "ಬೇಡ. ನೀನು ಬಂದ್ರೆ ಅವಳ ಉತ್ತರ ಎಲ್ಲ ನೀನೇ ಹೇಳ್ತಿ," ಎಂದು ಚಿಕ್ಕಮ್ಮ ಲೋಕಲ್ ರೈಲಿನ ಹೆಂಗಸರ ಡಬ್ಬಿ ಹತ್ತಿದರು. ಹನ್ನೆರಡು ಗಂಟೆಗೆ ಅವರಿಂದ ಫೋನ್ ಬಂತು. ಪ್ರಭಾಕ್ಕನನ್ನು ಪರೀಕ್ಷೆಗೆ ಒಳಗೆ ಕರೆದಿದ್ದಾರೆ. ಚಿಕ್ಕಮ್ಮ ಹೊರಗಿನ ಬೆಂಚಿನಲ್ಲಿ, ಪ್ರಭಾಕ್ಕನ ಚಪ್ಪಲಿ ಮತ್ತು ಚೀಲ ಕಾಯುತ್ತ ಕೂತಿದ್ದಾರೆ.