ಕೂತಿದ್ದ ಎಂಬ ಸರ್ಟಿಫಿಕೇಟು

ಅಂದು ಕೋಳಿ ಕೂಗುವ ಮೊದಲೇ ಎದ್ದೆ. ಅಂಗಳ ಗುಡಿಸಿ ಸಗಣಿ ನೀರು ಹಾಕಿದೆ. ಹಂಡೆಗೆ ಉರಿ ಹಚ್ಚಿ, ಹಸು ಕರೆದು, ಮೊಸರು ಕಡೆದು ಬೆಣ್ಣೆ ತೆಗೆದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಯಜಮಾನರು ಅಂಗಡಿಗೆ ಹೊರಡುವ ಹೊತ್ತಿಗೆ ರೊಟ್ಟಿ ತಟ್ಟಿಟ್ಟೆ. ಹುರಿದ ಅಕ್ಕಿಹಿಟ್ಟಿಗೆ ಬೆಲ್ಲದ ಪಾಕ ಹಾಕಿ ತಂಬಿಟ್ಟು ಕಟ್ಟಿ, ಬುಟ್ಟಿಗೆ ಬಾಳೆಲೆ ಹಾಸಿ ಜೋಡಿಸಿದೆ. ಆಮೇಲೆ ಸೀರೆ ಬದಲಿಸಿ, ಮೈದುನನ ಜೊತೆ ಹೊಳೆನರಸೀಪುರದಿಂದ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ.

ತಂಬಿಟ್ಟು ಅತ್ತೆಯ ತಮ್ಮನಿಗೆ, ಅಂದರೆ ಮೈದುನನ ಸೋದರಮಾವನಿಗೆ. ಅವರಿಗೆ ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಮಂಡಿ ಇತ್ತು. ಅವರಿಂದ ಒಂದು ರುಜು ಹಾಕಿಸಿಕೊಂಡು ಬರಬೇಕಾಗಿತ್ತು. ಅಷ್ಟಕ್ಕೆ ನಾನು ಯಾಕೆ ಅಂದರೆ, ಹೆಂಗಸರು ಎದುರಿಗಿದ್ದರೆ ತಮ್ಮನು ಬಾಯಿ ಬಿಗಿಹಿಡಿಯುತ್ತಾನೆ ಎಂದು ಅತ್ತೆ ನಂಬಿದ್ದರು.

ಮೈದುನ ಮೈಸೂರಿನಲ್ಲಿ ಬಿ.ಕಾಂ. ಮುಗಿಸಿದ್ದ. ಮುಂದೆ ಎಂ.ಕಾಂ. ಓದಬೇಕು, ಅದರಲ್ಲೂ ಬ್ಯಾಂಕಿನ ವಿಷಯವನ್ನೇ ಓದಬೇಕು ಎಂಬ ಹಟ. ಅದಕ್ಕೆ ಉತ್ತರದ ಕಡೆಯ ಒಂದು ಕಾಲೇಜಿಗೇ ಹೋಗಬೇಕು. ಅಲ್ಲಿಂದ ಬಂದ ಕಾಗದದಲ್ಲಿ ಏನೇನು ಬೇಕೆಂದು ಅಚ್ಚು ಹಾಕಿದ್ದರು. ಎರಡನೇ ದರ್ಜೆಯಲ್ಲಿ ಪಾಸಾಗಿರಬೇಕು, ಅದಿತ್ತು. ನಡತೆಯ ಬಗ್ಗೆ ಇಬ್ಬರು ದೊಡ್ಡ ಮನುಷ್ಯರ ಪತ್ರ ಬೇಕು, ಅದೂ ಆಯಿತು. ಕೊನೆಯದು, ಯಾವುದಾದರೂ ವ್ಯಾಪಾರದ ಮನೆಯಲ್ಲಿ ಎರಡು ವರ್ಷ ಕೆಲಸ ಕಲಿತಿರಬೇಕು. ಆ ಬಗ್ಗೆ ಮಾಲೀಕನೇ ಇಂಗ್ಲಿಷಿನಲ್ಲಿ ಬರೆದು, ಲಕೋಟೆಗೆ ಅರಗು ಹಾಕಿ, ನೇರವಾಗಿ ಕಳಿಸಬೇಕು. ಅಣ್ಣನ ಅಂಗಡಿಯಾದರೆ ಒಪ್ಪುವುದಿಲ್ಲವೆಂದು ಅವನು ಮಾವನ ಮಂಡಿ ಸೇರಿದ್ದ. ಎರಡು ವರ್ಷ ಅಲ್ಲಿ ಕೊಬ್ಬರಿ ತೂಗಿಸಿದ, ಒಳ್ಳೆಯದು ಮುಗ್ಗಿದ್ದು ಬೇರೆ ಮಾಡಿಸಿದ, ಬೊಂಬಾಯಿಯ ವರ್ತಕರಿಗೆ ಕಾಗದ ಬರೆದ.

ಲಕೋಟೆಯ ಕೆಲಸ ಬಂದಾಗ, "ನಾನೇ ಬರ್ದು ಕೊಡ್ತೀನಿ ಮಾವ, ರುಜು ಹಾಕಿ ಸಾಕು" ಅಂದಿದ್ದನಂತೆ. "ನಿನ್ ಗುಣ ನೀನೇ ಒಗಳ್ಕಳಾಕೇನ್ಲಾ?" ಎಂದು ಮಾವ ಗದರಿಸಿ, ತಾವೇ ಕನ್ನಡದಲ್ಲಿ ಹೇಳಿ, ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆಯುವವನಿಂದ ಇಂಗ್ಲಿಷು ಮಾಡಿಸಿ ಕಳಿಸಿದರು.

ಕಾಲೇಜಿನ ಉತ್ತರ ಬಂದ ದಿನ ಅವನು ಅದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿದ. ಮುಖ ಬಿಳಿಚಿಕೊಂಡಿತು. "ಏನಂತಪ್ಪಾ?" ಅಂದೆ.

"ಮಾವ ಏನು ಬರ್ಸವ್ರೆ ಗೊತ್ತಾ ಅತ್ತಿಗೆ? ಈ ಹುಡುಗ ನಮ್ಮ ಅಂಗಡೀಲಿ ಎರಡು ವರ್ಷ ಕೂತಿದ್ದ ಅಂತ."

"ಕೂತಿದ್ದೆ ತಾನೆ?"

"ಇಂಗ್ಲಿಷ್ನಲ್ಲಿ ಕೂತಿದ್ದ ಅಂದ್ರೆ ಬರೀ ಕೂತಿದ್ದ ಅಂತ! ಕುಂಡಿ ಊರಿ! ಕೂತಿದ್ದು ಸರಿ, ಕೆಲಸ ಏನು ಮಾಡಿದ ಅಂತ ಕೇಳವ್ರೆ."

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ನಮ್ಮಲ್ಲಿ ಅಂಗಡಿಯಲ್ಲಿ ಕೂತ ಅಂದರೆ ವ್ಯಾಪಾರ ವಹಿಸಿಕೊಂಡ ಅಂತಲೇ ಅರ್ಥ; ಯಜಮಾನರೂ ಹದಿನೈದು ವರ್ಷದಿಂದ ಅಂಗಡಿಯಲ್ಲಿ ಕೂತವರೇ. ಆದರೆ ಅವನ ಕಣ್ಣು ನೋಡಿಯೂ ನಾನು ನಗು ನಿಲ್ಲಿಸಲಿಲ್ಲ. ಸಂಜೆ ಯಜಮಾನರಿಗೆ ಹೇಳಿದವಳೂ ನಾನೇ. ಅವರು ಕೇರಿಗೆಲ್ಲ ಹೇಳಿದರು. ಮಾರನೆಯ ದಿನ ಅವನು ಹೋದಲ್ಲೆಲ್ಲ ಯಾರಾದರೂ ಒಬ್ಬರು, "ಬನ್ನಿ ಸಾ, ಕೂತ್ಕಳಿ, ನೀವು ಕೂರೋದ್ರಲ್ಲೇ ಪಾಸಾದೋರು" ಅನ್ನುತ್ತಿದ್ದರು.

ಕಾಲೇಜಿನವರು ಒಂದು ಅವಕಾಶ ಕೊಟ್ಟಿದ್ದರು. ಮಾಡಿದ ಕೆಲಸಗಳನ್ನು ಬಿಡಿಬಿಡಿಯಾಗಿ ಬರೆದು, ಮಾಲೀಕನ ರುಜು ಮತ್ತು ಮಂಡಿಯ ಮೊಹರು ಹಾಕಿದ ಪತ್ರ ಗಡುವಿನೊಳಗೆ ಮುಟ್ಟಬೇಕು. ಅವನು ಹಾಸನಕ್ಕೆ ಹೋಗಿ ಪತ್ರವನ್ನು ಟೈಪು ಮಾಡಿಸಿಕೊಂಡು ಬಂದ. ಲೆಕ್ಕ ಹಾಕಿದರೆ, ನಾವು ಬಸ್ಸು ಹತ್ತಿದ ಆ ದಿನವೇ ಕೊನೆಯ ದಿನ. ಮೂರು ಗಂಟೆಗೆ ಚನ್ನರಾಯಪಟ್ಟಣದಿಂದ ಅರಸೀಕೆರೆ ರೈಲಿಗೆ ಹೊರಡುವ ಟಪಾಲಿಗೆ ಬಿದ್ದರೆ ಮುಟ್ಟುತ್ತದೆ, ತಪ್ಪಿದರೆ ಇಲ್ಲ.

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು. ಏರು ಬಂದಲ್ಲೆಲ್ಲ ಗಂಡಸರು ಇಳಿದು ತಳ್ಳಬೇಕು. ಅವನು ಕಾಗದಕ್ಕೆ ಮಸಿಯಾದೀತೆಂದು ಅದನ್ನು ನನ್ನ ಕೈಗೆ ಕೊಟ್ಟು ಇಳಿಯುತ್ತಿದ್ದ. ಹತ್ತಿದ ಕೂಡಲೇ ವಾಪಸು ಇಸಿದುಕೊಳ್ಳುತ್ತಿದ್ದ.

ನಾವು ಮುಟ್ಟಿದಾಗ ಹನ್ನೊಂದಾಗಿತ್ತು. ಮಾವ ಮಂಡಿಯಲ್ಲಿ ದಿಂಬಿಗೆ ಒರಗಿದ್ದರು, ಹಣೆ ತುಂಬ ವಿಭೂತಿ. ಬುಟ್ಟಿ ನೋಡಿ, "ಅಕ್ಕ ಕಳ್ಸವ್ಳಾ? ಬಾ ತಾಯಿ" ಅಂದರು. ಅಲ್ಲೇ ಒಂದು ತಂಬಿಟ್ಟು ಮುರಿದು ಬಾಯಿಗೆ ಹಾಕಿಕೊಂಡರು. ಮೈದುನ ಕಾಗದ ಮುಂದಿಟ್ಟು ವಿಷಯ ಹೇಳಿದ.

"ಅಂದ್ರೆ, ನಾನ್ ಬರ್ಸಿದ್ದು ಸುಳ್ಳಾ?"

"ಸುಳ್ಳಲ್ಲ ಮಾವ. ಅವರಿಗೆ ಅರ್ಥ ಆಗ್ಲಿಲ್ಲ."

"ನೀನು ಕೂತಿರ್ಲಿಲ್ವಾ? ನಿಂತಿದ್ದಾ? ಏನ್ರಲಾ," ಎಂದು ಮೂಟೆ ಹೊಲಿಯುತ್ತಿದ್ದ ಹಮಾಲಿಗಳ ಕಡೆ ತಿರುಗಿದರು. "ನಮ್ಮಳಿಯ ಇಲ್ಲಿ ಕೂತಿದ್ನೋ ನಿಂತಿದ್ನೋ?"

"ಕೂತೇ ಇದ್ರು ಸಾವ್ಕಾರ್ರೆ," ಅಂದ ಒಬ್ಬ. "ನಾವೇ ನಿಂತಿದ್ದು."

ಎಲ್ಲರೂ ನಕ್ಕರು. ಹಿಂದೊಮ್ಮೆ ಹಮಾಲಿಯೊಬ್ಬನ ಕೈಗೆ ದಬ್ಬಣ ಚುಚ್ಚಿದಾಗ ಬಟ್ಟೆ ಕಟ್ಟಿ ಡಾಕ್ಟರ ಹತ್ತಿರ ಕರೆದೊಯ್ದವನು ಮೈದುನನೇ; ನಕ್ಕವರಲ್ಲಿ ಆ ಹಮಾಲಿಯೂ ಇದ್ದ.

"ಮೂವತ್ತು ವರ್ಸದಿಂದ ಕೊಬ್ರಿ ಮಾರ್ತಾ ಇವ್ನಿ ಕಣ್ಲಾ," ಅಂದರು ಮಾವ. "ಒಬ್ಬ ಬಡ್ಡೀಮಗನೂ ನೀನೆಷ್ಟನೇ ಕಿಲಾಸು ಅಂತ ಕೇಳ್ನಿಲ್ಲ. ಎಂಕಾಮು ಅಂದ್ರೆ ಬಾಳ ತೂಕದ್ದೇನೋ. ಓಗು, ಅಲ್ ಕೂತ್ಕ, ನೋಡಾನ."

ಅವರು ಬೆರಳು ತೋರಿಸಿದ್ದು ತೊಲೆಗೆ ನೇತುಹಾಕಿದ್ದ ದೊಡ್ಡ ತಕ್ಕಡಿಯನ್ನು. ಮೈದುನ ನನ್ನ ಮುಖ ನೋಡಿದ. ನಾನು ಬುಟ್ಟಿಯ ಬಾಳೆಲೆ ಸರಿಮಾಡಿದೆ; ತಮಾಷೆ ಮುಗಿದರೆ ರುಜು ಹಾಕಿಯಾರು ಅಂದುಕೊಂಡೆ. ಅವನೂ ಹಾಗೇ ಅಂದುಕೊಂಡಿರಬೇಕು. ಕೋಟು ಬಿಚ್ಚಿ ಮಡಿಸಿಟ್ಟು, ಕೊಬ್ಬರಿ ಧೂಳಿನ ತಟ್ಟೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತ. ಹಮಾಲಿಗಳು ಆ ಕಡೆಯ ತಟ್ಟೆಗೆ ಕಲ್ಲು ಇಟ್ಟರು, ತೆಗೆದರು.

"ನಾಕು ಮಣಾನೂ ಪೂರಾ ಇಲ್ಲ ಸಾವ್ಕಾರ್ರೆ!"

"ಒಣಗೈತೆ ಕಣ್ರಲಾ," ಅಂದರು ಮಾವ. "ಬೊಂಬಾಯಿಗೆ ಒಳ್ಳೆ ಮಾಲು."

ಇಳಿದು ಬಂದು ಕೋಟು ಹಾಕಿಕೊಂಡ ಮೈದುನ, ಕಾಗದವನ್ನು ಮತ್ತೆ ಮುಂದಿಟ್ಟ. "ಈಗ ಹಾಕಿ ಮಾವ."

"ಊಟ ಆಗ್ಲಿ ಕಣ್ಲಾ. ಅಸ್ಕಂಡು ರುಜು ಹಾಕ್ತಾರಾ ಯಾರಾರ?"

ಮನೆ ಮಂಡಿಯ ಹಿಂದೆಯೇ. ಮಾವನ ಲಿಂಗಪೂಜೆ ಎಂದಿಗಿಂತ ಉದ್ದವಾಯಿತು ಎಂದು ಅವರ ಹೆಂಡತಿಯೇ ನನ್ನ ಕಿವಿಯಲ್ಲಿ ಹೇಳಿದರು. ಪಂಕ್ತಿಯಲ್ಲಿ ಮೈದುನ ಅನ್ನ ಕಲಸುತ್ತ ಗೋಡೆಯ ಗಡಿಯಾರ ನೋಡುತ್ತಿದ್ದ. ಅದನ್ನು ಕಂಡೇ ಮಾವ ಎರಡನೆಯ ಸಲ ಮುದ್ದೆ ಹಾಕಿಸಿಕೊಂಡರು. ಕೈ ತೊಳೆದವರು, "ಒಂದು ಗಳಿಗೆ ಬೆನ್ನು ನೆಲಕ್ಕಾಕ್ತೀನಿ" ಎಂದು ಕೋಣೆಗೆ ಹೋದರು. ಆಗ ಎರಡು ದಾಟಿತ್ತು.

ಮೈದುನ ಎದ್ದು ಕೋಣೆಯ ಬಾಗಿಲಿಗೆ ಹೋದ. ಮಾವನ ಹೆಂಡತಿ ಅಡ್ಡ ನಿಂತರು. "ಬ್ಯಾಡ ಕಣಪ್ಪ. ಎಬ್ಬುಸ್ಬುಟ್ರೆ ಸಂಜೆಗಂಟ ನನ್ನ ಜೀವ ತಿಂತಾರೆ. ನೀನು ಓಗ್ಬುಡ್ತೀಯ, ನಾನಿಲ್ಲೇ ಇರ್ಬೇಕು."

"ನೀನೇ ರುಜು ಹಾಕ್ಕೊಂಡು ಓಡು" ಅಂದೆ ನಾನು ಮೆಲ್ಲಗೆ.

"ಮೊಹರು ಅವರ ಸೊಂಟದ ಚೀಲದಲ್ಲಿದೆ ಅತ್ತಿಗೆ."

ಅವನು ಆ ವರ್ಷ ಕಾಲೇಜಿಗೆ ಹೋಗಲಿಲ್ಲ, ಮುಂದೆಯೂ ಹೋಗಲಿಲ್ಲ. ಅರಕಲಗೂಡಿನಲ್ಲಿ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತನಾದ. ಹಬ್ಬಕ್ಕೆ ಬಂದರೆ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾನೆ. ಅಂದು ಬಾಗಿಲಲ್ಲಿ ಅವನ ಜಾಗದಲ್ಲಿ ನಾನು ಇದ್ದಿದ್ದರೆ ಕೂಗಿ ಎಬ್ಬಿಸುತ್ತಿದ್ದೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ನಾನು ನಾಲ್ಕು ಮಾರು ದೂರದಲ್ಲೇ ಇದ್ದೆ; ಕೂಗಲಿಲ್ಲ.

ಅಂದಿನ ಊಟ ರಾಗಿಮುದ್ದೆ, ಸೊಪ್ಪಿನ ಬಸ್ಸಾರು, ಅದರದೇ ಪಲ್ಯ, ಅನ್ನ ಮಜ್ಜಿಗೆ, ಕೊನೆಗೆ ನಮ್ಮ ಮನೆಯ ತಂಬಿಟ್ಟು. ಮೈದುನ ತಂಬಿಟ್ಟು ಮುಟ್ಟಲಿಲ್ಲ. ಮೊದಲು ನಿದ್ದೆ ಹೋದವರು ಮಾವ. ಗೊರಕೆ ನಡುಮನೆಗೂ ಕೇಳುತ್ತಿತ್ತು. ಆಮೇಲೆ ಅವರ ಹೆಂಡತಿ, ಕೋಣೆಯ ಹೊಸ್ತಿಲಿಗೆ ತಲೆಯಿಟ್ಟು ಅಲ್ಲೇ. ಬೆಳಗಿನಿಂದ ದಣಿದಿದ್ದ ನಾನು ಕಂಬಕ್ಕೆ ಒರಗಿದ್ದೆ, ಮೂರು ಹೊಡೆದದ್ದು ನನಗೆ ಕೇಳಿಸಲಿಲ್ಲ.