ಸಾವಕಾರರು ಕೂರದ ನೆರಳು

ಗುದ್ದಲಿ ಹಿಡಿದು ಬಗ್ಗಿದರೆ ಸಾವಕಾರರ ಕೊರಳಿನ ಬೆಳ್ಳಿ ಕರಡಿಗೆ ಮುಂದಕ್ಕೆ ಜೋತು ಗುದ್ದಲಿಯ ಕಾವಿಗೆ ಬಡಿಯುತ್ತಿತ್ತು. ಒಳಗಿನ ಲಿಂಗಕ್ಕೆ ಪೆಟ್ಟಾಗಬಾರದೆಂದು ಅವರು ಕೆಂಪಂಚಿನ ಟವೆಲ್ಲೊಂದನ್ನು ಎದೆಗೆ ಅಡ್ಡಲಾಗಿ ಸುತ್ತಿ ಬೆನ್ನ ಮೇಲೆ ಗಂಟು ಹಾಕಿಕೊಳ್ಳುತ್ತಿದ್ದರು. ದೂರದಿಂದ ನೋಡಿದರೆ ಎದೆಗೆ ಗಾಯವಾಗಿ ಪಟ್ಟಿ ಕಟ್ಟಿಸಿಕೊಂಡ ಮನುಷ್ಯನೊಬ್ಬ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಬಂದು ಮಣ್ಣು ಅಗೆಯುತ್ತಿದ್ದಾನೆ ಅನ್ನಿಸಬೇಕು. ಶಿರಸಿ ಪೇಟೆಯ ದೊಡ್ಡ ಬಟ್ಟೆ ಅಂಗಡಿಯ ಮಾಲೀಕರು ಅವರು. ವಾರವಿಡೀ ಧೋತರಕ್ಕೆ ಒಂದು ಸುಕ್ಕು ಬಿದ್ದರೂ ಸಹಿಸದವರು ರವಿವಾರ ಬೆಳಿಗ್ಗೆ ಮಾತ್ರ ಮೊಣಕಾಲತನಕ ಕೆಸರು ಮಾಡಿಕೊಂಡು ನಿಂತಿರುತ್ತಿದ್ದರು.

ಅಂಗಡಿಯ ಎದುರಿಗೇ ಸಂತೆ ಬಯಲಿನ ಒಂದು ಮೂಲೆ. ಐವತ್ತಾರರಲ್ಲಿ ನಾವೆಲ್ಲ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗ ದೊಡ್ಡವರು ಯಾರೋ ಬಂದು, ಭಾಷಣ ಮಾಡಿ, ಅಲ್ಲಿ ಹೊಂಗೆಯ ಸಸಿಗಳನ್ನು ನೆಟ್ಟು, ಹಾರ ಹಾಕಿಸಿಕೊಂಡು ಹೋದರು. ಮಾರನೆಯ ದಿನವೇ ಸಸಿಗಳು ದನಗಳ ಪಾಲಾಗತೊಡಗಿದವು. ಗಾದಿಯ ಮೇಲೆ ಕೂತು ನೋಡುತ್ತಿದ್ದ ಸಾವಕಾರರಿಗೆ ತಡೆಯಲಾಗಲಿಲ್ಲ. ಗಿರಾಕಿಯನ್ನು ಅಲ್ಲೇ ಬಿಟ್ಟು, ಬಟ್ಟೆ ಅಳೆಯುವ ಕಬ್ಬಿಣದ ಗಜವನ್ನೇ ಹಿಡಿದು ಓಡಿ ದನ ಅಟ್ಟಿದರು. ಶುರುವಾದದ್ದು ಹಾಗೆ. ತಿಂದುಹೋದ ಕಡೆ ಬೇರೆ ಸಸಿ ನೆಟ್ಟರು, ಸುತ್ತ ಮುಳ್ಳು ಕಟ್ಟಿದರು, ಆಮೇಲೆ ನಮ್ಮ ಓಣಿಯವರಿಗೆಲ್ಲ ಗಂಟುಬಿದ್ದರು.

ಸಂಘವಿಲ್ಲ, ಅಧ್ಯಕ್ಷರಿಲ್ಲ. ರವಿವಾರ ಮನೆಗೊಂದು ಆಳು ಬರಬೇಕು, ಬರುವಾಗ ಒಂದು ಕೊಡ ನೀರು ತರಬೇಕು, ಅಷ್ಟೆ. ಬರದವರ ಮನೆ ಬಾಗಿಲಿಗೆ ತಾವೇ ಹೋಗಿ ನಿಂತು, "ಆರಾಮ ಇಲ್ಲೇನ್ರಿ? ಡಾಕ್ಟರನ್ನ ಕರಸ್ಲೇನು?" ಎಂದು ಇಡೀ ಓಣಿಗೆ ಕೇಳಿಸುವಂತೆ ವಿಚಾರಿಸುತ್ತಿದ್ದರು. ನಾನು ಆಗಷ್ಟೇ ಶಾಲೆಗೆ ಸೇರಿದ ಮಾಸ್ತರ. ಅಕ್ಕ-ಭಾವನ ಮನೆಯಲ್ಲಿ ಇದ್ದೆ. ಒಂದು ರವಿವಾರ ಹೊದ್ದು ಮಲಗಿದ್ದವನು ಇಂಥ ವಿಚಾರಣೆಗೆ ಸಿಕ್ಕಿಬಿದ್ದ ಮೇಲೆ ಮತ್ತೆಂದೂ ತಪ್ಪಿಸಲಿಲ್ಲ. ಭಾವನಿಗೆ ಕರೆಯೇ ಬೇಕಿರಲಿಲ್ಲ. ಅವನು ಉಮ್ಮಚಗಿ ಕಡೆಯ ಅಡಿಕೆ ತೋಟಿಗರ ಮನೆಯವ, ಪೇಟೆಯ ಅಡಿಕೆ ವಖಾರಿಯಲ್ಲಿ ಕೆಲಸಕ್ಕಿದ್ದ. ಮಣ್ಣು ಕೆದಕಲು ಸಿಕ್ಕಿತೆಂದರೆ ಅವನಿಗೆ ಹಬ್ಬ. ಸಾವಕಾರರೆಂದರೆ ಪ್ರಾಣ.

ಮರಗಳು ಎದ್ದವು. ಸಾವಕಾರರು ಹೊಸ ಎಲೆಯನ್ನು ಬಟ್ಟೆ ನೋಡುವ ಹಾಗೆಯೇ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿ, "ಮಾಲ್ ಛಲೋ ಐತಿ" ಎನ್ನುತ್ತಿದ್ದರು. ಗಜ ಹೋಗಿ ಮೀಟರ್ ಬಂದಾಗ ಅದೇ ಕಬ್ಬಿಣದ ಗಜವನ್ನು ತಂದು, ವಾಲಿಕೊಂಡಿದ್ದ ಒಂದು ಮರಕ್ಕೆ ಊರುಗೋಲಾಗಿ ನೆಟ್ಟರು. ಆಗಲೇ ಅವರಿಗೆ ಏದುಸಿರು ಬರುತ್ತಿತ್ತು. ಎರಡು ಗುದ್ದಲಿ ಹಾಕಿದರೆ ನಿಂತು, ಮರವನ್ನು ಪರೀಕ್ಷಿಸುವ ನೆವ ಮಾಡಿ ಉಸಿರು ತೆಗೆದುಕೊಳ್ಳುವರು.

ಇಷ್ಟು ಪಡಿಪಾಟಲು ಯಾಕೆ ಎಂದು ಒಮ್ಮೆ ಕೇಳಿದ್ದೆ. ಅವರು ಬಯಲಿನ ಕಡೆ ಕೈ ತೋರಿಸಿದರು.

"ನಮ್ಮವ್ವ ಇದೇ ಜಾಗಾದಾಗ ಮೆಣಸಿನಕಾಯಿ ಇಟ್ಕೊಂಡು ಕುಂದರ್ತಿದ್ಲು ಮಾಸ್ತರ್ರ. ಬನವಾಸಿಯಿಂದ ಗಾಡ್ಯಾಗ ಬರ್ತಿದ್ವಿ. ನನಗ ಆಕಿ ಸೆರಗಿನ ನೆಳ್ಳಿತ್ತು. ಆಕಿಗೆ ಯಾರದಿತ್ತು?"

ಅವರೇ ನಕ್ಕರು. "ಬರೋ ಬ್ಯಾಸಗಿಗೆ ನೆಳ್ಳು ಕೂಡ್ಕೊಂತೈತಿ. ಒಂದು ಸಂತಿ ದಿನಾ ಅಂಗಡಿ ಬಾಗಲಾ ಹಾಕಿ ನಾನೂ ಆ ಹೆಣ್ಣಮಕ್ಕಳ ಜೋಡಿ ಇಲ್ಲೇ ಕುಂದರಾಂವ. ವ್ಯಾಪಾರ ಹಾಳಾಗಿ ಹೋಗ್ಲಿ."

ಸಂತೆಯ ದಿನ ಅಂಗಡಿ ಮುಚ್ಚುವ ಬಟ್ಟೆ ವ್ಯಾಪಾರಿಯನ್ನು ಯಾರು ಕಂಡಿದ್ದಾರೆ? ಆದರೆ ಅವರು ಹೇಳಿದ್ದು ತಮಾಷೆಗಲ್ಲ.

ಆ ವರ್ಷ ಶಿವರಾತ್ರಿಯ ಹೊತ್ತಿಗೆ ಅವರು ಹೊಸದಾಗಿ ಹುಟ್ಟಿದ ಮೊಮ್ಮಗನನ್ನು ನೋಡಲು ಹಾವೇರಿಯ ಮಗಳ ಮನೆಗೆ ಹೋದರು. ಹೋಗುವಾಗ ಭಾವನ ಕೈ ಹಿಡಿದು, "ಗಿಡಾ ನಿಮ್ಮ ಕೈಯಾಗ ಅದಾವ ಭಟ್ರ" ಎಂದರು. ಆ ಮಾತು ಭಾವನ ಎದೆಗೆ ನಾಟಿತು. ಏನಾದರೂ ದೊಡ್ಡದು ಮಾಡಿ ತೋರಿಸಬೇಕೆಂದು ಅವನಿಗೆ ಹುಕಿ ಬಂತು.

ನಮ್ಮ ತೋಟಿಗರ ಮನೆಗಳಿಗೆಲ್ಲ ಸೊಪ್ಪಿನ ಬೆಟ್ಟವಿರುತ್ತದೆ. ಬೆಟ್ಟದ ಮರವೇರಿ, ತುದಿಯಲ್ಲೊಂದು ಕುಚ್ಚು ಉಳಿಸಿ, ಸುತ್ತಲಿನ ಸೊಪ್ಪನ್ನೆಲ್ಲ ಕಡಿದು ತೋಟಕ್ಕೆ ಹಾಕುವುದು ನಮ್ಮ ಕಡೆಯ ಕ್ರಮ. ಕಡಿಯದೆ ಬಿಟ್ಟ ಮರವನ್ನು ಕಂಡರೆ ಆ ಮನೆಯವರು ಸೋಮಾರಿಗಳು ಎಂದೇ ನಮ್ಮ ಲೆಕ್ಕ. ಅದರಲ್ಲೂ ಹೊಂಗೆಯ ಸೊಪ್ಪೆಂದರೆ ಒಳ್ಳೇ ಗೊಬ್ಬರ. ನಾನು ಶಾಲೆಯ ಕೆಲಸಕ್ಕೆಂದು ಸಿದ್ದಾಪುರಕ್ಕೆ ಹೋಗಿದ್ದ ವಾರ ಭಾವ ಓಣಿಯ ಗಂಡಸರನ್ನು ಕಟ್ಟಿಕೊಂಡು, ಕತ್ತಿ ಮಸೆದು, ಮರಗಳನ್ನು ಒಂದೂ ಬಿಡದೆ ಬೋಳಿಸಿ, ಸೊಪ್ಪನ್ನೆಲ್ಲ ಅವುಗಳ ಬುಡಕ್ಕೇ ಚೆಂದವಾಗಿ ಹಾಸಿಬಿಟ್ಟ. ಕಡಿಯಬೇಡಿ ಎಂದು ಹೇಳಬೇಕೆಂದು ಸಾವಕಾರರಿಗೆ ಹೊಳೆದಿರಲಿಲ್ಲ; ಅವರ ಬನವಾಸಿ ಕಡೆ ನೆರಳಿನ ಮರಕ್ಕೆ ಯಾರೂ ಕತ್ತಿ ಹಾಕುವುದಿಲ್ಲ. ಕಡಿಯಬಾರದ ಮರವೂ ಇರುತ್ತದೆ ಎಂದು ಭಾವ ಕೇಳಿಯೇ ಇರಲಿಲ್ಲ.

ನಾನು ಮರಳಿದ ದಿನವೇ ಹಾವೇರಿ ಬಸ್ಸಿನಲ್ಲಿ ಸಾವಕಾರರೂ ಬರುವವರಿದ್ದರು. ಬೋಳು ಮರಗಳನ್ನು ನೋಡಿ ಅವರಿಗೆ ಮೊದಲೇ ಹೇಳಿಬಿಡಬೇಕೆಂದು ಬಸ್ ನಿಲ್ದಾಣಕ್ಕೆ ಹೋದೆ. ಅವರು ಮೊಮ್ಮಗನ ಮೂಗಿನ ವರ್ಣನೆ ಮಾಡುತ್ತ ನಡೆದರು, ನಾನು ಅವರ ಚೀಲ ಹೊತ್ತು ಹಿಂದೆಯೇ ನಡೆದೆ. ಬಯಲಿನ ತಿರುವಿನಲ್ಲಿ ಅವರ ಮಾತು ನಿಂತಿತು.

ಭಾವ ಓಡಿ ಬಂದ. ಮುಖವೆಲ್ಲ ನಗು. "ನೋಡಿ ಸಾವಕಾರ್ರೇ, ಎಂತಾ ಸೊಪ್ಪು! ಒಂದು ಎಲೆ ಸಹ ಹೊರಗೆ ಕೊಡಲಿಲ್ಲ. ಎಲ್ಲಾ ಬುಡಕ್ಕೇ ಹಾಕಿದ್ದು."

ಸಾವಕಾರರು ಬಗ್ಗಿ ರಾಶಿಯಿಂದ ಒಂದು ಎಲೆ ಎತ್ತಿಕೊಂಡರು. ಅದಾಗಲೇ ಬಾಡಿತ್ತು. ಬೆರಳ ನಡುವೆ ಉಜ್ಜಿದರು. "ಛಲೋ ಗೊಬ್ಬರ ಆಗ್ತೈತ್ರಿ ಭಟ್ರ" ಎಂದರು. ಅಂಗಡಿಯ ಮೆಟ್ಟಿಲು ಹತ್ತುವಾಗ ಬಾಗಿಲು ಹಿಡಿದು ನಿಂತರು. ಭಾವನಿಗೆ ಎಲ್ಲವೂ ತಿಳಿದದ್ದು ಆಗ, ಅವರ ಬೆನ್ನು ನೋಡಿ.

ಮುಂದಿನ ಸಂತೆಯ ದಿನ ಬೆಳಿಗ್ಗೆ ಅವರು ಅಂಗಡಿಯಿಂದ ಕೋರಾ ಬಟ್ಟೆಯ ಥಾನುಗಳನ್ನು ಹೊರಿಸಿಕೊಂಡು ಬಂದರು. ಸ್ಟೂಲು ಹತ್ತಿ, ಬೋಳು ಮರದಿಂದ ಬೋಳು ಮರಕ್ಕೆ ಬಟ್ಟೆ ಎಳೆದು ಕಟ್ಟತೊಡಗಿದರು. ಭಾವ ಕರೆಯದೆಯೇ ಹೋಗಿ ಇನ್ನೊಂದು ಸೆರಗು ಹಿಡಿದ. "ಬಿಗಿ ಹಿಡೀರಿ ಭಟ್ರ, ಜೋಲು ಬಿಡಬ್ಯಾಡ್ರಿ" ಎಂದದ್ದು ಬಿಟ್ಟರೆ ಅವರು ಮತ್ತೇನೂ ಹೇಳಲಿಲ್ಲ. ಆ ಬೇಸಿಗೆಯುದ್ದಕ್ಕೂ ಸಂತೆಗೊಮ್ಮೆ ಹೀಗೆ ಬಟ್ಟೆ ಕಟ್ಟುವುದು, ಸಂಜೆ ಬಿಚ್ಚುವುದು ನಡೆಯಿತು. ಕೆಳಗೆ ಕೂತ ಹೆಂಗಸೊಬ್ಬಳು, "ಬರ್ರಿ ಸಾವಕಾರ್ರ, ನೀವೂ ಕುಂದರ್ರಿ" ಎಂದು ಕರೆದಾಗ ಅವರು ಬೆವರು ಒರೆಸಿಕೊಳ್ಳುತ್ತ ನಕ್ಕರು.

"ಇದು ಅಂಗಡಿ ನೆಳ್ಳು ತಂಗಿ. ಗಿಡದ ನೆಳ್ಳು ಬರ್ಲಿ, ಆವಾಗ ಕುಂದರ್ತೀನಿ."

ಮೊದಲ ದಿನ ಬಟ್ಟೆ ಬಿಚ್ಚಿ ಮನೆಗೆ ಬಂದ ಭಾವ ಊಟಕ್ಕೆ ಕೂತು ತುತ್ತು ಎತ್ತಲಿಲ್ಲ. "ಒಂದು ಮಾತು ಬೈದಿದ್ರೆ ಅಡ್ಡಿಲ್ಲೆ ಆಗಿತ್ತು ತಮಾ" ಎಂದ. ನನಗೆ ಅವನ ಮೇಲೆ ಕೋಪವಿತ್ತು, ಆದರೆ ಆ ಮುಖಕ್ಕೆ ಕೋಪ ತೋರಿಸಲಾಗಲಿಲ್ಲ.

ಮಳೆ ಹಿಡಿಯಿತು. ಹೊಂಗೆಗಳು ಮೈತುಂಬ ಚಿಗುರಿದವು. ಶ್ರಾವಣದ ಒಂದು ಬೆಳಿಗ್ಗೆ ಸಾವಕಾರರು ಅಂಗಡಿಯ ಗಾದಿಯ ಮೇಲೆಯೇ ಎದೆ ಹಿಡಿದುಕೊಂಡು ಒರಗಿದರು, ಮತ್ತೆ ಏಳಲಿಲ್ಲ. ಕೂರಿಸಿ ಮಣ್ಣು ಮಾಡುವುದು ಅವರ ಪದ್ಧತಿ. ಹಾಗೆ ಕೂತ ಅವರನ್ನು ನೋಡಿ ನಾನು ಅತ್ತೆ. ಅವರಿಗೆ ಸಲ್ಲಬೇಕಾಗಿದ್ದದ್ದು ಒಂದೇ ಒಂದು ಬೇಸಿಗೆಯ ನೆರಳು. ಅದನ್ನು ಅವರ ಮೇಲಿನ ಪ್ರೀತಿಯಿಂದಲೇ ಕಡಿದು ಹಾಕಿದೆವು ಎಂಬ ಸಂಕಟ ನನಗೆ ಇಂದಿಗೂ ಹೋಗಿಲ್ಲ.

ಮರುವರ್ಷ ಬೇಸಿಗೆಗೆ ಮರಗಳು ಒಂದಕ್ಕೊಂದು ಕೂಡಿಕೊಂಡವು. ಸಂತೆಯ ದಿನ ಆ ನೆರಳಿನಲ್ಲಿ ಕಾಲು ಹಾಕಲು ಜಾಗವಿರಲಿಲ್ಲ. ಮೆಣಸಿನಕಾಯಿ, ಬದನೆಕಾಯಿ, ಕೂಸುಗಳು, ಎಲ್ಲ ಅಲ್ಲೇ. ನಾನೂ ಭಾವನೂ ಕಾಯಿಪಲ್ಲೆಗೆ ಹೋಗಿದ್ದೆವು. ಭಾವ ನೆರಳಿನ ಅಂಚಿಗೆ ಬಂದು ನಿಂತುಬಿಟ್ಟ. ತಲೆಯ ಮೇಲೆ ಸುಡು ಬಿಸಿಲು.

"ಒಳಗೆ ಬಾ ಭಾವ" ಎಂದೆ.

"ಆನು ಇಲ್ಲೇ ಅಡ್ಡಿಲ್ಲೆ. ನೀನು ತಗಂಡು ಬಾ" ಎಂದು ಅವನು ಚೀಲವನ್ನು ನನ್ನ ಕೈಗೆ ಕೊಟ್ಟ.